ಹುಣಸೆಮರದಡಿ ಬಿಳಿ ಜುಬ್ಬ

ಮೈಮೇಲೆ ಹಲ್ಲಿ ಬಿದ್ದರೆ ಏನು ಫಲ ಅಂತ ತಿಳಿಯುವುದಕ್ಕೆ ಪಂಚಾಂಗದಲ್ಲೊಂದು ಪಟ್ಟಿ ಇರುತ್ತದೆ. ತಲೆಗೆ ಬಿದ್ದರೆ ಒಂದು, ಭುಜಕ್ಕೆ ಬಿದ್ದರೆ ಒಂದು, ಗಂಡಸರಿಗೆ ಬಲಕ್ಕಾದರೆ ಬೇರೆ, ಎಡಕ್ಕಾದರೆ ಬೇರೆ. ಕಾಗೆ ತಲೆಗೆ ತಾಗಿದರೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಿ ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚಬೇಕು ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇಷ್ಟೆಲ್ಲ ಮುಂದಾಲೋಚನೆ ಮಾಡಿದ ಹಿರಿಯರು ಒಂದು ಸಂದರ್ಭವನ್ನು ಮಾತ್ರ ಮರೆತುಬಿಟ್ಟಿದ್ದಾರೆ. ಐದು ಕಿಲೋ ತೂಗುವ ಹೆಜ್ಜಾರ್ಲೆಯೊಂದು ಹುಣಸೆಮರದ ತುದಿಯಿಂದ, ನಿಶ್ಚಿತಾರ್ಥಕ್ಕೆಂದು ಹೊಸದಾಗಿ ಹೊಲಿಸಿದ ಬಿಳಿ ರೇಷ್ಮೆ ಜುಬ್ಬದ ಎಡಭುಜದ ಮೇಲೆ ತನ್ನ ಬೆಳಗಿನ ಉಪಾಹಾರದ ಶೇಷವನ್ನು ದಯಪಾಲಿಸಿದರೆ ಏನು ಫಲ? ಮನೆಗೆ ಬಂದ ಮೇಲೆ ಪಂಚಾಂಗವನ್ನು ರಟ್ಟಿನಿಂದ ರಟ್ಟಿನವರೆಗೆ ತಿರುವಿ ಹಾಕಿದೆ. ಗೌರಿ ಹಬ್ಬದ ಮುಹೂರ್ತ ಸಿಕ್ಕಿತು, ಇದು ಸಿಗಲಿಲ್ಲ.

ಆದದ್ದು ಹೀಗೆ. ಭಾವಮೈದುನನ ಮಗಳ ನಿಶ್ಚಿತಾರ್ಥ, ಮದ್ದೂರಿನ ಕಲ್ಯಾಣಮಂಟಪದಲ್ಲಿ, ಹನ್ನೊಂದೂವರೆಗೆ. ಹೆಂಡತಿ ಹಿಂದಿನ ದಿನವೇ ಹೋಗಿದ್ದಳು. ಹೋಗುವಾಗ ಜುಬ್ಬವನ್ನು ಹ್ಯಾಂಗರಿಗೆ ಹಾಕಿ, "ಅಲ್ಲಿಗೆ ಬಂದ ಮೇಲೆ ಹಾಕಿಕೊಳ್ಳಿ, ಮನೆಯಿಂದಲೇ ಹಾಕಿಕೊಂಡು ಹೊರಡಬೇಡಿ" ಎಂದು ಎರಡು ಸಲ ಹೇಳಿದ್ದಳು. ನಾನು ಮನೆಯಿಂದಲೇ ಹಾಕಿಕೊಂಡು ಹೊರಟೆ. ಮೂವತ್ತು ವರ್ಷದ ದಾಂಪತ್ಯದಲ್ಲಿ ಅವಳ ಮಾತು ಮೀರಿದ ಪ್ರತಿ ಸಲವೂ ಏನಾಗಿದೆಯೋ ಈ ಸಲವೂ ಅದೇ ಆಯಿತು. ಶಕುನ ಅಂತ ಏನಾದರೂ ಇದ್ದರೆ ಅದು ಹಲ್ಲಿಯಲ್ಲಿಲ್ಲ, ಹೆಂಡತಿಯ ಎರಡನೇ ಸಲದ ಮಾತಿನಲ್ಲಿದೆ.

ಬಸ್ಸು ತಪ್ಪಿಸಿಕೊಂಡೇನೆಂಬ ಭಯದಲ್ಲಿ ಎರಡು ಗಂಟೆ ಮೊದಲೇ ಬಸ್‌ಸ್ಟ್ಯಾಂಡಿಗೆ ಹೋಗಿ ಕೂರುವ ವಂಶ ನಮ್ಮದು. ಕಾರಿದ್ದರೂ ಆ ರೋಗ ಬಿಟ್ಟಿಲ್ಲ. ಎಂಟು ಗಂಟೆಗೆಲ್ಲ ಮೈಸೂರು ರಸ್ತೆಯ ರುದ್ರಾಕ್ಷಿಪುರದ ಹತ್ತಿರ ಬಂದುಬಿಟ್ಟಿದ್ದೆ. ಇಷ್ಟು ಬೇಗ ಹೋದರೆ ಬಾಳೆಎಲೆ ಒರೆಸುವುದಕ್ಕೆ ಕೂರಿಸುತ್ತಾರೆ. ಎದುರಿಗೆ ಕೊಕ್ಕರೆಬೆಳ್ಳೂರು ಎಂಬ ಫಲಕ. ಎಷ್ಟು ಸಲ ಈ ದಾರಿಯಲ್ಲಿ ಮೈಸೂರಿಗೆ ಹೋಗಿದ್ದೇನೋ, ಒಂದು ಸಲವೂ ಎಡಕ್ಕೆ ತಿರುಗಿದವನಲ್ಲ. ಅತ್ತ ಹೋಗದೆ ಇದ್ದರೂ ಒಮ್ಮೆ ಯಾವುದೋ ವಿಚಾರ ಸಂಕಿರಣದಲ್ಲಿ ಜೀವವೈವಿಧ್ಯದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ, ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ತಂದಿದ್ದೆ. ಆ ಶಾಲಿನ ಋಣವಾದರೂ ತೀರಲಿ ಎಂದು ಸ್ಟಿಯರಿಂಗ್ ತಿರುಗಿಸಿದೆ.

ಹನ್ನೆರಡು ಕಿಲೋಮೀಟರ್ ಕಬ್ಬು, ರಾಗಿ, ತೆಂಗು ದಾಟಿದರೆ ಊರು. ಪಕ್ಷಿಧಾಮ ಅಂದರೆ ನನ್ನ ತಲೆಯಲ್ಲಿದ್ದದ್ದು ರಂಗನತಿಟ್ಟು: ಟಿಕೆಟ್ಟು, ದೋಣಿ, ಮೊಸಳೆ, ನಡುಗಡ್ಡೆ. ಅಲ್ಲಿ ಹಕ್ಕಿಗಳಿಗೆ ಅವುಗಳದೇ ಬಡಾವಣೆ, ನಮಗೆ ನಮ್ಮದೇ ದೋಣಿ. ಇಲ್ಲಿ ಹಾಗಲ್ಲ. ಹೆಂಚಿನ ಮನೆ, ಅದರ ಪಕ್ಕ ಹುಣಸೆಮರ, ಅದರ ತುಂಬ ಗೂಡು. ಇನ್ನೊಂದು ಮನೆ, ಅದರ ಹಿತ್ತಲಲ್ಲಿ ಅರಳಿ, ಅದರ ತುಂಬ ಗೂಡು. ಕೆಳಗೆ ಎಮ್ಮೆ ಕಟ್ಟಿದೆ, ಹುಡುಗ ಹಲ್ಲುಜ್ಜುತ್ತಿದ್ದಾನೆ, ಯಾರೋ ಬೈಕಿಗೆ ಕಿಕ್ ಹೊಡೆಯುತ್ತಿದ್ದಾರೆ, ಮೇಲೆ ಬಾಣಂತನ ನಡೆಯುತ್ತಿದೆ. ಒಬ್ಬರಿಗೂ ತಲೆ ಎತ್ತಿ ನೋಡುವ ಪುರುಸೊತ್ತಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯವರು ಎರಡನೇ ಮಹಡಿಯವರನ್ನು ನೋಡದೆ ಹೋಗುತ್ತಾರಲ್ಲ, ಅದು ಬೇರೆ. ಇದು ಮನೆಯವರು ಮನೆಯವರನ್ನು ನೋಡದೆ ಇರುವ ರೀತಿ.

ಹೆಜ್ಜಾರ್ಲೆಯನ್ನು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಬೂದಿ ಮಿಶ್ರಿತ ಬಿಳಿ ಬಣ್ಣ, ಗೇಣಿಗಿಂತ ಉದ್ದದ ಕೊಕ್ಕು, ಕೊಕ್ಕಿನ ಕೆಳಗೆ ಜೋತುಬಿದ್ದ ಚೀಲ. ನಮ್ಮ ದೊಡ್ಡಪ್ಪನ ಎಲೆಅಡಿಕೆ ಸಂಚಿಯನ್ನು ಯಾರೋ ಗದ್ದಕ್ಕೆ ಕಟ್ಟಿದ ಹಾಗೆ. ಆಕಾಶದಲ್ಲಿ ಹಾರುವಾಗ ಕತ್ತನ್ನು ಹಿಂದಕ್ಕೆಳೆದುಕೊಂಡು, ರೆಕ್ಕೆ ಆಡಿಸಿಯೂ ಆಡಿಸದಂತೆ ತೇಲುತ್ತ ಬರುವ ಗಾಂಭೀರ್ಯ ನೋಡಿದರೆ ಮಹಾರಾಜರ ಸವಾರಿ. ಕೊಂಬೆಯ ಮೇಲೆ ಇಳಿಯುವಾಗ ಮಾತ್ರ ರೈಲಿನ ಮೇಲಿನ ಬರ್ತಿಗೆ ಹತ್ತುವ ಸ್ಥೂಲದೇಹಿಯ ಅವಸ್ಥೆ. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳು, ಹಳದಿ ಕೊಕ್ಕು, ಬಾಲದ ಹತ್ತಿರ ನಸುಗೆಂಪು, ಸೆರಗು ಇಳಿಬಿಟ್ಟ ಹಾಗೆ. ದೊಡ್ಡ ಕೊಕ್ಕರೆಗಳಿಗೆ ಕೂಗುವುದಕ್ಕೆ ಹೇಳಿಕೊಳ್ಳುವಂಥ ಗಂಟಲಿಲ್ಲ. ಕೊಕ್ಕಿಗೆ ಕೊಕ್ಕು ಕುಟ್ಟಿ ಟಕಟಕ ಸದ್ದು ಮಾಡುತ್ತವೆ. ಅಡಿಗೆಮನೆಯಲ್ಲಿ ಸಿಟ್ಟು ಬಂದವರು ಮಾತಾಡದೆ ಪಾತ್ರೆ ಕುಕ್ಕುವುದಿಲ್ಲವೆ, ಹಾಗೆ. ಮರಿಗಳ ಗಲಾಟೆ ಬೇರೆ. ಇನ್ನು ವಾಸನೆ... ಮೀನು ಮಾರ್ಕೆಟ್ಟನ್ನು ಬಿಸಿಲಿಗೆ ಹರವಿ, ಅದರ ಮೇಲೆ ಸುಣ್ಣ ಚಿಮುಕಿಸಿದರೆ ಬರಬಹುದಾದದ್ದು.

ನಾನು ಮರದಡಿ ನಿಂತೆ. ಕತ್ತೆತ್ತಿದೆ. ಒಂದು ಮರಿ ತಾಯಿಯ ಚೀಲದೊಳಕ್ಕೆ ಕತ್ತಿನವರೆಗೂ ತಲೆ ತೂರಿಸಿ ಮೀನು ಹುಡುಕುತ್ತಿತ್ತು. ತರಕಾರಿ ಚೀಲಕ್ಕೆ ಕೈಹಾಕಿ ತಳದಲ್ಲಿದ್ದ ಹಸಿಶುಂಠಿ ಹುಡುಕುವ ಹಾಗೆ. ಎಂಥ ವಾತ್ಸಲ್ಯ ಅಂದುಕೊಂಡೆ. ವಾತ್ಸಲ್ಯದ ಬಗ್ಗೆ ಒಂದು ಒಳ್ಳೆಯ ವಾಕ್ಯ ಹೊಳೆಯುತ್ತಿತ್ತು. ಆಗ ಪಚಕ್ ಎಂದಿತು.

"ಅಯ್ಯೋ ಸಿವ್ನೆ! ಮರದ್ ಕೆಳ್ಗೆ ಯಾರಾರ ಬಾಯ್ ಬುಟ್ಕಂಡ್ ನಿಂತ್ಕತಾರಾ? ಭುಜುಕ್ ಬಿತ್ತು, ಪುಣ್ಯ ಮಾಡಿದ್ರಿ ಬುಡಿ ಸೋಮಿ!"

ಎದುರು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ. ನಗು ತಡೆಯುವ ಪ್ರಯತ್ನವನ್ನೇ ಮಾಡಲಿಲ್ಲ ಆಕೆ. ನಗುತ್ತಲೇ ಎದ್ದು ಒಂದು ಚೊಂಬು ನೀರು ತಂದುಕೊಟ್ಟರು. ನಾನು ಉಜ್ಜಿದೆ. ಅಂಗೈಯಗಲ ಇದ್ದದ್ದು ತಟ್ಟೆಯಗಲವಾಯಿತು. "ಉಜ್ಬೇಡಿ, ಇನ್ನಾ ಹಳ್ಳತದೆ. ಒಣಗ್ಲಿ, ಕೂತ್ಕಳಿ" ಅಂದರು. ಬೇರೆ ದಾರಿ ಇರಲಿಲ್ಲ. ಕೂತೆ. ಕೈಗೊಂದು ಹಿಡಿ ಅವರೆಕಾಯಿ ಬಂತು. ಬಾಳೆಎಲೆ ಒರೆಸುವುದು ತಪ್ಪಿಸಿಕೊಳ್ಳಲು ಹೋದವನಿಗೆ ಇದು ತಕ್ಕ ಶಿಕ್ಷೆ.

"ಇಷ್ಟು ಗಲೀಜು, ಇಷ್ಟು ವಾಸನೆ, ನಿಮಗೆ ಬೇಜಾರಾಗಲ್ವಾ ಅಜ್ಜಿ?" ಅಂತ ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು, ಆದರೆ ಭುಜ ಒದ್ದೆಯಾಗಿದ್ದವನ ಪ್ರಶ್ನೆ ಅದು.

ಅಜ್ಜಿ ನನ್ನನ್ನು ಒಂದು ನಿಮಿಷ ನೋಡಿದರು. "ಹೆಣ್ಮಕ್ಳು ಬಾಣಂತ್ನಕ್ ಬಂದವ್ರೆ. ಬಾಣಂತಿ ಮನೆ ಘಮ್ಮಂತದಾ?"

ಈ ಮಾತು ಆಕೆಯೊಬ್ಬರದಲ್ಲ, ಊರಿನ ಮಾತು. ಕೊಕ್ಕರೆಬೆಳ್ಳೂರಿನವರು ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ತಿಳಿಯುವ ವಿಷಯ ನಾನು ಓದಿದ್ದೆ. ಆ ಇಪ್ಪತ್ತು ನಿಮಿಷದ ಭಾಷಣದಲ್ಲಿ ಹೇಳಿಯೂ ಇದ್ದೆ, ಚಪ್ಪಾಳೆಯೂ ಬಿದ್ದಿತ್ತು. ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಬರುತ್ತವೆ, ಗೂಡು ಕಟ್ಟುತ್ತವೆ, ಮೊಟ್ಟೆಯಿಟ್ಟು ಮರಿ ಮಾಡಿ ದೊಡ್ಡದು ಮಾಡುತ್ತವೆ, ಮುಂಗಾರಿನ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಹೊರಟುಬಿಡುತ್ತವೆ. ಅವು ಬಂದ ವರ್ಷ ಮಳೆ-ಬೆಳೆ ಚೆನ್ನ, ಊರಿಗೆ ಒಳ್ಳೆಯದು ಎಂಬ ನಂಬಿಕೆ. ಇದನ್ನೆಲ್ಲ ನಾನು ಸುಂದರ ರೂಪಕ ಅಂದುಕೊಂಡಿದ್ದೆ. ಬಾಣಂತಿ ಮನೆಯ ವಾಸನೆಯನ್ನು ರೂಪಕದ ಒಳಗೆ ಸೇರಿಸಿಕೊಂಡಿರಲಿಲ್ಲ.

ನನ್ನ ಮಗಳು ಹುಟ್ಟಿದಾಗ ಹೆಂಡತಿ ತವರಿನಲ್ಲಿ ಐದು ತಿಂಗಳಿದ್ದಳು. ನಾನು ಶನಿವಾರ ಸಂಜೆ ಹೋಗುತ್ತಿದ್ದೆ. ಬಾಗಿಲಲ್ಲೇ ಸಾಂಬ್ರಾಣಿ ಹೊಗೆ, ಒಳಗೆ ಸುಟ್ಟ ಬೆಳ್ಳುಳ್ಳಿ, ಎಳ್ಳೆಣ್ಣೆ, ಬಜೆ, ಹಸಿ ಹಾಲಿನ ಹುಳಿ ವಾಸನೆ. ಹಜಾರದ ಈ ಗೋಡೆಯಿಂದ ಆ ಗೋಡೆಗೆ ಹಗ್ಗ, ಹಗ್ಗದ ತುಂಬ ಹಳೆ ಪಂಚೆ ಹರಿದು ಮಾಡಿದ ಬಟ್ಟೆಗಳು, ಮಳೆಗಾಲದಲ್ಲಿ ಒಂದೂ ಒಣಗುತ್ತಿರಲಿಲ್ಲ. ಮಾವನವರು ಆ ಬಟ್ಟೆಗಳ ನಡುವೆ ತಲೆ ತಗ್ಗಿಸಿ ಓಡಾಡುತ್ತ ಪೇಪರು ಓದುತ್ತಿದ್ದರು. ರಾತ್ರಿಯಿಡೀ ಮಗು ಅಳುತ್ತಿತ್ತು. ಅತ್ತೆಯವರ ಕಣ್ಣು ಒಳಕ್ಕೆ ಹೋಗಿತ್ತು. ಇಷ್ಟಾದರೂ "ಮನೆಯೆಲ್ಲ ನಾತ" ಅಂತ ಒಬ್ಬರಾದರೂ ಅಂದಿದ್ದರೆ ಕೇಳಿ. ಅಂದವನು ಒಬ್ಬನೇ, ಅದೂ ಮೆಲ್ಲಗೆ, ಹೆಂಡತಿಯ ಕಿವಿಯಲ್ಲಿ. ಅವಳಿಗೆ ಇವತ್ತಿಗೂ ನೆನಪಿದೆ. ಜಗಳ ಬಂದಾಗೆಲ್ಲ ಮೇಲೆ ಬರುತ್ತದೆ.

ಅಜ್ಜಿ ಹೇಳಿದ ಇನ್ನೊಂದು ಕತೆ. ಊರು ಮೊದಲು ಇಲ್ಲಿರಲಿಲ್ಲವಂತೆ, ಶಿಂಷಾ ಹೊಳೆಯ ದಡದ ಹತ್ತಿರ ಇತ್ತಂತೆ. ಪ್ಲೇಗು ಬಂತು. ಜನ ಮನೆಮಠ ಬಿಟ್ಟು ಇಲ್ಲಿಗೆ ಬಂದು ಗುಡಿಸಲು ಹಾಕಿದರು. ಮುಂದಿನ ಸಲ ಹಕ್ಕಿಗಳು ಹಳೆ ಊರಿಗೆ ಹೋಗಲಿಲ್ಲವಂತೆ, ಜನರನ್ನು ಹುಡುಕಿಕೊಂಡು ಇಲ್ಲಿಗೇ ಬಂದವಂತೆ. "ಗ್ವಾಡೆ ನೋಡ್ಕಂಡ್ ಬತ್ತಾರಾ ತವ್ರಿಗೆ? ಜನ ನೋಡ್ಕಂಡ್ ಬತ್ತಾರೆ." ಪಕ್ಷಿಶಾಸ್ತ್ರದವರನ್ನು ಕೇಳಿದರೆ, ಜನರ ಓಡಾಟವಿರುವ ಕಡೆ ಗೂಡಿಗೆ ಕನ್ನ ಹಾಕುವವರ ಕಾಟ ಕಡಿಮೆ, ಹಾರಿ ಹೋಗಿ ಬರುವಷ್ಟು ದೂರದಲ್ಲಿ ಹೊಳೆ, ತೈಲೂರು ಕೆರೆಯಂಥ ಕೆರೆಗಳು, ಕೆರೆಗಳಲ್ಲಿ ಮೀನು ಎಂದು ವಿವರಿಸಿಯಾರು. ಅಜ್ಜಿ ಹೇಳಿದ್ದೂ ಅದನ್ನೇ ಅಂತ ನನಗನ್ನಿಸುತ್ತದೆ. ತಾಯಿಮನೆ ಅಂದರೆ ಇನ್ನೇನು, ಹೆದರಿಕೆ ಇಲ್ಲದೆ ಮಲಗುವ ಜಾಗ, ಹೊತ್ತುಹೊತ್ತಿಗೆ ಊಟ.

ಹೊರಗಿನ ಜಗತ್ತಿಗೆ ಈ ಊರಿನ ಸುದ್ದಿ ತಲುಪಿಸಿದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ, 1976ರಲ್ಲಿ. ಅಷ್ಟರವರೆಗೂ ಊರಿನವರು ತಾವೊಂದು ಸಂರಕ್ಷಣೆ ಮಾಡುತ್ತಿದ್ದೇವೆಂದು ತಿಳಿಯದೆಯೇ ಅದನ್ನು ಮಾಡಿಕೊಂಡು ಬಂದಿದ್ದರು. 2007ರಲ್ಲಿ ಊರಿಗೆ ಸಮುದಾಯ ಮೀಸಲು ಎಂಬ ಹೆಸರೂ ಬಂತು. ಅಜ್ಜಿಗೆ ಆ ಹೆಸರು ಬಾಯಿಗೆ ಹೊರಳಲಿಲ್ಲ. "ಅದೇನೋ ಬೋಲ್ಡ್ ಹಾಕವ್ರೆ ಅಲ್ಲಿ" ಎಂದು ಗದ್ದ ಎತ್ತಿ ತೋರಿಸಿ ಕಾಯಿ ಬಿಡಿಸುವುದನ್ನು ಮುಂದುವರಿಸಿದರು.

ಇಷ್ಟು ಹೊತ್ತು ತವರು, ಮಮತೆ ಅಂತ ಹೇಳಿ ನಿಮ್ಮ ಕಣ್ಣಲ್ಲಿ ನೀರು ತರಿಸಿದ್ದರೆ ಒರೆಸಿಕೊಳ್ಳಿ, ಈಗ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಮೊದಲಿಗೆ ಆ ಹಿಕ್ಕೆ. ಮರಗಳ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ತಂದು ತುಂಬುತ್ತಾರೆ. ಆರು ತಿಂಗಳು ಮೇಲಿನಿಂದ ಬೀಳುವುದೆಲ್ಲ ಆ ಮಣ್ಣಿಗೆ ಬಿದ್ದು ಸೇರುತ್ತದೆ. ಹಸಿಯಾಗಿ ಹಾಕಿದರೆ ಪೈರು ಸುಡುವಷ್ಟು ಉರಿ ಆ ಗೊಬ್ಬರಕ್ಕೆ. ಮಣ್ಣಿನ ಜೊತೆ ಕಳಿತು ಹದವಾದ ಮೇಲೆ ಹೊಲಗದ್ದೆಗೆ ಹೊಡೆಯುತ್ತಾರೆ. ಸಾರಜನಕ, ರಂಜಕ ಎಲ್ಲ ಅದರಲ್ಲಿದೆ. ಯೋಚಿಸಿದರೆ ಸೊಗಸಾದ ವ್ಯಾಪಾರ. ಹೊಲದ ಸಾರ ಮಳೆನೀರಲ್ಲಿ ಕೊಚ್ಚಿ ಕೆರೆಗೆ ಹೋಗುತ್ತದೆ, ಕೆರೆಯಲ್ಲಿ ಪಾಚಿಯಾಗುತ್ತದೆ, ಪಾಚಿ ತಿಂದು ಮೀನು ಕೊಬ್ಬುತ್ತದೆ. ಹೆಜ್ಜಾರ್ಲೆ ಆ ಮೀನನ್ನು ಸಂಚಿಯಲ್ಲಿ ತುಂಬಿಕೊಂಡು ಬಂದು, ಮಕ್ಕಳಿಗೆ ಉಣಿಸಿ, ಉಳಿದದ್ದನ್ನು ಹೊಲದ ಯಜಮಾನನ ಮನೆ ಬಾಗಿಲಿಗೇ ತಲುಪಿಸುತ್ತದೆ. ಸಾಗಾಣಿಕೆ ವೆಚ್ಚ ಸೊನ್ನೆ. ಮಧ್ಯೆ ನನ್ನಂಥವನ ಜುಬ್ಬ ಅಡ್ಡ ಬಂದರೆ ಅಷ್ಟರಮಟ್ಟಿಗೆ ನಷ್ಟ.

ಹಕ್ಕಿಯ ಹಿಕ್ಕೆ ಅಂದರೆ ಮೂಗು ಮುಚ್ಚಿಕೊಳ್ಳಬೇಡಿ. ಪೆರು ದೇಶದ ಕಡಲತೀರದ ದ್ವೀಪಗಳಲ್ಲಿ ಕಡಲಹಕ್ಕಿಗಳ ಹಿಕ್ಕೆ ಗುಡ್ಡದಂತೆ ಬಿದ್ದಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಹೊಲಗಳಿಗೆ ಅದು ಹಡಗುಗಟ್ಟಲೆ ಹೋಯಿತು. 1856ರಲ್ಲಿ ಅಮೆರಿಕದವರು, ಹಿಕ್ಕೆ ಇರುವ ಯಾರದೂ ಅಲ್ಲದ ದ್ವೀಪ ಕಂಡರೆ ತಮ್ಮದೆನ್ನಬಹುದು ಎಂದು ಕಾನೂನನ್ನೇ ಮಾಡಿಕೊಂಡರು. 1864ರಲ್ಲಿ ಸ್ಪೇನ್ ನೌಕಾಪಡೆ ಪೆರುವಿನ ಆ ಹಿಕ್ಕೆಯ ಚಿಂಚಾ ದ್ವೀಪಗಳನ್ನು ಹಿಡಿದುಕೊಂಡು, ಯುದ್ಧವೇ ಆಯಿತು. ತೋಪು ಹಾರಿಸಿದರು, ಸ್ವಾಮಿ, ಹಿಕ್ಕೆಗೆ! ಕೊಕ್ಕರೆಬೆಳ್ಳೂರಿನವರು ಒಂದು ಗುದ್ದಲಿ, ಒಂದು ಗಾಡಿ ಗೋಡುಮಣ್ಣಿನಲ್ಲಿ ಮುಗಿಸಿದ್ದಾರೆ.

ಇನ್ನು ಖರ್ಚಿನ ಕಡೆ. ಹುಣಸೆಕಾಯಿ ಹಣ್ಣಾಗಿ ಉದುರಿಸುವ ಕಾಲ ಯಾವುದು? ಇದೇ ಮಾಘ, ಫಾಲ್ಗುಣ. ಗೂಡುಗಳಲ್ಲಿ ಮರಿ ಇರುವ ಕಾಲವೂ ಅದೇ. ದೋಟಿ ಹಿಡಿದು ಮರ ಬಡಿದರೆ ಹಣ್ಣಿನ ಜೊತೆ ಮರಿಗಳೂ ಬೀಳುತ್ತವೆ. ಹಾಗಾಗಿ ಗೂಡಿರುವ ಮರವನ್ನು ಬಡಿಯುವುದಿಲ್ಲ. ಫಸಲು ಕೈಬಿಟ್ಟದ್ದಕ್ಕೆ ಮರಕ್ಕಿಷ್ಟು ಎಂದು ಸರ್ಕಾರದಿಂದ ಪರಿಹಾರ ಸಿಗುವ ಏರ್ಪಾಡಿದೆ. ಅದು ಹುಣಸೆಯ ಬೆಲೆಗೆ ಸಮವೋ ಅಲ್ಲವೋ ಎಂಬ ಚರ್ಚೆಗೆ ಕೂತರೆ ಜಗಲಿ ಬಿಸಿಯಾಗುತ್ತದೆ, ನಾನು ಕೂರಲಿಲ್ಲ. ಆದರೆ ಒಂದು ಪ್ರಶ್ನೆ ಕೇಳಿದೆ: "ಹಾಗಾದರೆ ಸಾರಿಗೆ ಹುಣಸೆಹಣ್ಣು?"

"ಅಂಗ್ಡೀಲಿ!" ಅಂದರು ಅಜ್ಜಿ. ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೊಮ್ಮೆ ನಕ್ಕರು. "ಮನೆ ಮುಂದ್ಗಡೆ ಮೂರ್ ಮರ ಇಟ್ಕಂಡು ಅಂಗ್ಡೀಲಿ ಕಾಲ್ ಕೆಜಿ ಹುಣ್ಸೆಣ್ಣು ತತ್ತೀನಿ ಕಣಪ್ಪಾ. ಕೇಳುದ್ರೆ ನಗ್ತಾರೆ. ನಗ್ಲಿ."

ನಾನು ನಗಲಿಲ್ಲ. ಯಾಕೆಂದರೆ ಆ ಕ್ಷಣದಲ್ಲಿ ನನಗೆ ನೆನಪಾದದ್ದು ನಮ್ಮ ಬಾಲ್ಕನಿಯ ಬಲೆ. ಪಾರಿವಾಳಗಳು ಬಂದು ಎಸಿಯ ಹಿಂದೆ ಎರಡು ಕಡ್ಡಿ ಇಟ್ಟು ಅದನ್ನೇ ಗೂಡೆಂದು ಸಾಧಿಸಿ ಒಂದು ಮೊಟ್ಟೆ ಇಟ್ಟಿದ್ದವು. ಅದಕ್ಕೆ ಮೊದಲೇ, "ಪ್ರಕೃತಿಯೊಡನೆ ಬದುಕು" ಎಂಬ ನನ್ನ ಲೇಖನವೊಂದು ಅಚ್ಚಾಗಿತ್ತು. ಲೇಖನಕ್ಕೆ ಬಂದ ಸಂಭಾವನೆಗೆ ಮೇಲೊಂದಿಷ್ಟು ಸೇರಿಸಿ ಬಲೆ ಹಾಕಿಸಿದೆ. ಪಾರಿವಾಳವೇನು ಅಳಿವಿನಂಚಿನ ಹಕ್ಕಿಯಲ್ಲ, ಬೆಂಗಳೂರಿನಲ್ಲಿ ಮನುಷ್ಯರಿಗಿಂತ ಸುಖವಾಗಿದೆ ಎಂದು ನೀವು ನನ್ನ ಪರವಾಗಿ ವಾದಿಸಬಹುದು. ನಾನೂ ವಾದಿಸಿದ್ದೇನೆ. ಆದರೆ ಬಲೆ ಹಾಕಿಸಿದ್ದು ಆ ವಾದದಿಂದಲ್ಲ, ಒಗೆದು ಹಾಕಿದ ಬನಿಯನ್ನಿನ ಮೇಲೆ ಬಿದ್ದ ಒಂದು ಚುಕ್ಕೆಯಿಂದ.

ನಂಬಿಕೆಯ ವಿಷಯಕ್ಕೆ ಬಂದರೆ ನನ್ನ ಅಜ್ಜನ ಮನೆ ಕುಂದಾಪುರದ ಕಡೆ. ಮನೆಯ ಹಿಂದೆ ಒಂದು ನಾಗಬನ. ಹಗಲಲ್ಲೂ ಕತ್ತಲೆ, ಬೀಳಲು ಬಳ್ಳಿ ಹೆಣೆದುಕೊಂಡು, ಒಳಗೆ ಎಲ್ಲೋ ಕಲ್ಲಿನ ನಾಗ. ನಾವು ಮಕ್ಕಳು ಅಂಗಳದಲ್ಲಿ ಕ್ರಿಕೆಟ್ ಆಡಿದರೆ ಬನಕ್ಕೆ ಬಿದ್ದ ಚೆಂಡು ಔಟು. ಹೊಡೆದವನೂ ಔಟು, ಚೆಂಡೂ ಔಟು. "ಅಲ್ ಹೋಪುಕಾಗ ಮಗಾ" ಎಂಬ ಅಮ್ಮಮ್ಮನ ಒಂದು ಮಾತು ಸಾಕಿತ್ತು. ಚೆಂಡು ತರುವುದಕ್ಕೇ ಹೋಗದವರು ಮರ ಕಡಿಯುವುದಕ್ಕೆ ಹೋಗುತ್ತಾರೆಯೆ? ಬೇಸಗೆಯಲ್ಲಿ ಊರ ಬಾವಿಗಳೆಲ್ಲ ತಳ ಕಂಡರೂ ಬನದ ಪಕ್ಕದ ನಮ್ಮ ಬಾವಿಯಲ್ಲಿ ನೀರಿರುತ್ತಿತ್ತು. ನಾಗನ ದಯೆ ಎನ್ನುತ್ತಿದ್ದರು. ದಯೆಯೇ, ನೆರಳು ಮತ್ತು ತರಗೆಲೆಯ ರೂಪದಲ್ಲಿ. ಆಮೇಲೆ ಕುಟುಂಬಕ್ಕೆ ದುಡ್ಡು ಬಂತು, ಭಕ್ತಿ ಹೆಚ್ಚಾಯಿತು. ಮರ ತೆಗೆದು ಕಟ್ಟೆ ಕಟ್ಟಿ ಗ್ರಾನೈಟ್ ಹಾಸಿ ಸ್ಟೀಲಿನ ಗೇಟು ಇಟ್ಟರು. ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ಈಗ ನಾವೇ ಬರಿಗಾಲಲ್ಲಿ ನಿಲ್ಲಲಾರೆವು, ನಾಗ ಹೇಗಿದ್ದಾನೋ. ಬನ ಕಡಿದಾಗ ಏಳು ರಬ್ಬರ್ ಚೆಂಡು ಸಿಕ್ಕವಂತೆ. ಅದರಲ್ಲಿ ಮೂರಾದರೂ ನನ್ನವು.

ಆದ್ದರಿಂದ ನಂಬಿಕೆಯೊಂದೇ ಕಾಡು ಕಾಯುತ್ತದೆ ಅಂತ ಯಾರಾದರೂ ಕಣ್ಣು ಮುಚ್ಚಿ ಹೇಳಿದರೆ ನಾನು ಸ್ವಲ್ಪ ಕೆಮ್ಮುತ್ತೇನೆ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರ ಕಾಡುಗಳಿವೆ, ಅಯ್ಯಪ್ಪನದು, ಭಗವತಿಯದು ಎಂದು ಊರೂರಿಗೂ. ಆದರೆ 1905ರಲ್ಲಿ 6,000 ಹೆಕ್ಟೇರ್ ದಾಟಿದ್ದದ್ದು 1985ರ ಹೊತ್ತಿಗೆ 2,500 ಹೆಕ್ಟೇರಿನ ಆಸುಪಾಸಿಗೆ ಬಂತು. ದೇವರು ಅಲ್ಲೇ ಇದ್ದ, ಬೇಲಿ ಒಳಕ್ಕೆ ಸರಿಯಿತು, ಕಾಫಿ ಗಿಡ ಮುಂದಕ್ಕೆ ಬಂತು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಕೈಮುಗಿಯುವ ನಾವೇ ಎರಡು ಕಿಲೋಮೀಟರ್ ಕೆಳಗೆ ಅದೇ ತುಂಗೆಗೆ ಪ್ಲಾಸ್ಟಿಕ್ ಎಸೆದು ಬರುತ್ತೇವೆ. ದೇವರ ಸರಹದ್ದು ಎಲ್ಲಿ ಮುಗಿಯುತ್ತದೆಂಬುದು ಭಕ್ತರಿಗೆ ಚೆನ್ನಾಗಿ ಗೊತ್ತು. ಹಾಗೆಂದು ಬರೀ ಲೆಕ್ಕವೂ ಸಾಲದು. ಗೊಬ್ಬರಕ್ಕೋಸ್ಕರವೇ ಹಕ್ಕಿ ಸಾಕಿದ್ದರೆ, ಯೂರಿಯಾ ಮೂಟೆ ಅಂಗಡಿಗೆ ಬಂದ ದಿನವೇ ಹುಣಸೆಮರಗಳು ಇಟ್ಟಿಗೆ ಗೂಡಿಗೆ ಹೋಗಬೇಕಿತ್ತು. ಒಂದಿಷ್ಟು ಹೋಗಿಯೂ ಇವೆ. ಮನೆ ಕಟ್ಟಬೇಕು, ಮದುವೆ ಮಾಡಬೇಕು, ಮರ ಮಾರಿದರೆ ಕೈಗೆ ಒಮ್ಮೆಗೇ ಕಾಸು. ತವರಿನವರಿಗೂ ಸಾಲ ಇರುತ್ತದೆ.

ಆ ಊರಿನ ಲೆಕ್ಕವನ್ನೂ ಮಮತೆಯನ್ನೂ ಬೇರೆಬೇರೆ ಮಾಡಲು ನಾನು ಅಲ್ಲಿ ಕೂತಷ್ಟು ಹೊತ್ತೂ ಪ್ರಯತ್ನಿಸಿದೆ, ಆಗಲಿಲ್ಲ. ಅವರೆಕಾಳಿನಿಂದ ಸಿಪ್ಪೆ ಬಿಡಿಸಿದ ಹಾಗಲ್ಲ ಅದು. ತವರಿಗೆ ಬಂದ ಮಗಳು ಬರಿಗೈಯಲ್ಲಿ ಬರುವುದಿಲ್ಲ, ತಾಯಿ ಲೆಕ್ಕ ಇಡುವುದಿಲ್ಲ, ಆದರೆ ಏನು ತಂದಳು ಎಂಬುದು ಇಬ್ಬರಿಗೂ ನೆನಪಿರುತ್ತದೆ.

ಅಜ್ಜಿಯ ಮೊಮ್ಮಗ, ಕಾಲೇಜು ಹುಡುಗ, ನನ್ನನ್ನು ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವ ಆವರಣಕ್ಕೆ ಕರೆದುಕೊಂಡು ಹೋದ. ಊರಿನ ಯುವಕರು ಹೆಜ್ಜಾರ್ಲೆ ಬಳಗ ಎಂದು ಕಟ್ಟಿಕೊಂಡು ಈ ಕೆಲಸ ಮಾಡಿಕೊಂಡು ಬಂದಿದ್ದಾರೆ. ಎತ್ತರದಿಂದ ಬಿದ್ದ ಮರಿಯನ್ನು ತಾಯಿಹಕ್ಕಿ ಕೆಳಗಿಳಿದು ನೋಡುವುದಿಲ್ಲ, ನಾಯಿ ನೋಡುತ್ತದೆ. ಅದಕ್ಕೆ ಮೊದಲು ಇವರು ಎತ್ತಿಕೊಂಡು ಬಂದು ಮೀನು ತಿನ್ನಿಸಿ, ಹಾರುವಷ್ಟಾದ ಮೇಲೆ ಬಿಡುತ್ತಾರೆ. ಅಲ್ಲೊಂದು ಮರಿ ಇತ್ತು, ಮೈಮೇಲೆ ಸರಿಯಾಗಿ ಗರಿಯೂ ಬಲಿತಿರಲಿಲ್ಲ, ಕಾಲು ಎಳೆಯುತ್ತಿತ್ತು. ಹುಡುಗ ಬಕೆಟ್ಟಿನಿಂದ ಒಂದು ಸಣ್ಣ ಮೀನನ್ನು ಬಾಲ ಹಿಡಿದು ಎತ್ತಿದ. ಮರಿ ಇಡೀ ದೇಹವನ್ನೇ ಬಾಯಿ ಮಾಡಿಕೊಂಡು ಬಂತು. ಮೀನು ಚೀಲದಲ್ಲಿ ಅಡ್ಡಡ್ಡ ಸಿಕ್ಕಿಕೊಂಡು, ಹೊರಗಿನಿಂದ ಅದರ ಆಕಾರ ಕಾಣುತ್ತಿತ್ತು. ಮರಿ ತಲೆಯನ್ನು ಆಕಾಶಕ್ಕೆತ್ತಿ, ಎರಡು ಸಲ ಕೊಡವಿ, ಮೀನನ್ನು ತಲೆಮುಂದಾಗಿ ತಿರುಗಿಸಿಕೊಂಡು ನುಂಗಿತು. ಆಮೇಲೆ ನನ್ನ ಜುಬ್ಬದ ಗುಂಡಿಯನ್ನು ಆಸಕ್ತಿಯಿಂದ ನೋಡಿತು. ನಾನು ಹಿಂದೆ ಸರಿದೆ.

"2017ರ ಕೊನೇಲಿ ಒಂದ್ ಸಲ ದೊಡ್ಡವೇ ಸತ್ತೋದೊ ಸಾರ್, ಒಂದಾದ್ ಮೇಲೊಂದು" ಅಂದ ಹುಡುಗ. ನಾನು ಪತ್ರಿಕೆಯಲ್ಲಿ ಓದಿದ್ದೆ. ಮೀನಿನ ಮೂಲಕ ಹೊಟ್ಟೆ ಸೇರಿದ ಜಂತುಹುಳುಗಳ ಬಾಧೆ ಎಂದು ಪರೀಕ್ಷೆ ಮಾಡಿದವರು ಹೇಳಿದ್ದರು. ಕೆರೆ ಕೆಟ್ಟರೆ ಮೀನು ಕೆಟ್ಟಿತು, ಮೀನು ಕೆಟ್ಟರೆ ಹಕ್ಕಿ. "ಆವಾಗ ಅಜ್ಜಿ ಎರಡ್ ದಿನ ಸರ್ಯಾಗ್ ಊಟಾನೇ ಮಾಡ್ಲಿಲ್ಲ. ಮರದ್ ಕೆಳ್ಗೇ ಕೂತಿತ್ತು." ಮರದಡಿ ಕೂತವರ ಮೇಲೆ ಏನು ಬೀಳುತ್ತದೆಂದು ನನಗೆ ಈಗ ಗೊತ್ತಿತ್ತು. ಅಜ್ಜಿಗೆ ಎಪ್ಪತ್ತು ವರ್ಷದಿಂದ ಗೊತ್ತಿದ್ದೀತು.

ಗಡಿಯಾರ ನೋಡಿದರೆ ಹನ್ನೊಂದು. ಓಡಿದೆ.

ಕಲ್ಯಾಣಮಂಟಪದಲ್ಲಿ ನನಗೆ ಸಿಕ್ಕ ಸ್ವಾಗತವನ್ನು ವಿವರಿಸುವುದಿಲ್ಲ. ನಾನು ಕೂತ ಕುರ್ಚಿಯ ಸುತ್ತ ಮೂರು ಕುರ್ಚಿ ತಾವಾಗಿಯೇ ಖಾಲಿಯಾದವು. ಹೆಂಡತಿ ದೂರದಿಂದ ಒಂದು ಸಲ ನೋಡಿದಳು, ಹತ್ತಿರ ಬರಲಿಲ್ಲ; ಆ ನೋಟದಲ್ಲಿ "ಎರಡು ಸಲ ಹೇಳಿದ್ದೆ" ಎಂಬ ಪೂರ್ಣ ವಾಕ್ಯವಿತ್ತು. ಗಂಡಿನ ಸೋದರಮಾವ, ತಿಳಿದವರು, ಪುರೋಹಿತರೊಡನೆ ಗಂಭೀರವಾಗಿ ಚರ್ಚಿಸಿದರು. ಶುಭಕಾರ್ಯಕ್ಕೆ ಹೊರಟವನ ಮೇಲೆ ಪಕ್ಷಿಯ ಮಲ ಬಿದ್ದರೆ ಹೇಗೆ? ಪುರೋಹಿತರು ಹಕ್ಕಿ ಯಾವುದೆಂದು ಕೇಳಿದರು. ಹೇಳಿದೆ. ಅವರು ಮದ್ದೂರಿನವರೇ. "ಬೆಳ್ಳೂರಿನದಾ? ಹಾಗಿದ್ರೆ ತೊಂದರೆ ಇಲ್ಲ, ಅವು ನಮ್ಮವೇ" ಅಂದುಬಿಟ್ಟು ತಟ್ಟೆ ಬದಲಾಯಿಸುವುದಕ್ಕೆ ಅವಸರಪಡಿಸಿದರು. ಶಾಸ್ತ್ರದಲ್ಲಿ ಇಷ್ಟು ಸಲೀಸಾದ ಪರಿಹಾರವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಊಟ ಚೆನ್ನಾಗಿತ್ತು. ಮದ್ದೂರು ವಡೆ ಕೂಡ ಇತ್ತು. ಸಾರಿನಲ್ಲಿ ಹುಣಸೆ ಸ್ವಲ್ಪ ಮುಂದಾಗಿತ್ತು, ಆದರೆ ಅವತ್ತು ಆ ಬಗ್ಗೆ ಮಾತಾಡುವ ನೈತಿಕ ಹಕ್ಕು ನನಗಿರಲಿಲ್ಲ.

ಜುಬ್ಬ ಎರಡು ಸಲ ಒಗೆದರೂ ಭುಜದ ಮೇಲೆ ಕೊಡಗಿನ ನಕ್ಷೆಯಂಥ ಒಂದು ಹಳದಿ ಕಲೆ ಉಳಿಯಿತು. ನಮ್ಮ ರಸ್ತೆಯ ಮೂಲೆಯಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವವನಿಗೆ ಕೊಟ್ಟೆ, ಅವನ ಹತ್ತಿರ ಏನಾದರೂ ಉಪಾಯ ಇದ್ದೀತೆಂದು. ಅವನು ಕಲೆಯನ್ನು ಬೆಳಕಿಗೆ ಹಿಡಿದ, ಉಗುರಿನಿಂದ ಕೆರೆದ, ಮೂಗಿನ ಹತ್ತಿರ ತಂದ. ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಆ ಮುಖ ಹಾಗೆ ಅರಳಿದ್ದನ್ನು ಕಂಡಿರಲಿಲ್ಲ.

"ಬೆಳ್ಳೂರ್‌ಗೆ ಓಗಿದ್ರಾ ಸಾ?"

"ನಿನಗೆ ಹೇಗೆ ಗೊತ್ತಾಯ್ತಯ್ಯಾ?"

"ಪಕ್ಕದೂರ್ ಕಣ್ ಸಾ ನಮ್ದು!" ಕೆಂಡದ ಪೆಟ್ಟಿಗೆಯನ್ನು ಬದಿಗಿಟ್ಟು, ಜುಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. "ಈ ಸಲ ಬೋ ಜನ ಬಂದವಾ? ಬಸ್‌ಸ್ಟ್ಯಾಂಡ್ ತಾವ ದೊಡ್ಡುಣ್ಸೆಮರ ಇತ್ತಲ್ಲ, ಅದ್ರಲ್ಲಿ ಕೂತವಾ? ಮರಿ ಎಷ್ಟ್ ದಪ್ಪ ಆಗವೆ?"

ಅವನು ಕೇಳುತ್ತ ಹೋದ, ನಾನು ನೆನಪಿದ್ದಷ್ಟು ಹೇಳುತ್ತ ಹೋದೆ. ಕಲೆಯ ವಿಷಯ ಇಬ್ಬರಿಗೂ ಮರೆತುಹೋಯಿತು.